ಆಸ್ಪತ್ರೆಯಲ್ಲಿ ನಮ್ಮ ವೃದ್ಧರು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ವೃದ್ಧರನ್ನು ಕುರಿತು ಎರಡು ಮಾತನಾಡುವುದು ಉಚಿತವೆಂದು ಸಮಿತಿಯವರು ಭಾವಿಸಿದರು. ಅವರ ಅಪೇಕ್ಷೆಯನ್ನು ನಾನು ಸಂತೋಷದಿಂದ ಸ್ವೀಕರಿಸಿದೆನು. ಈ ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರಲ್ಲಿ ಯಾರೂ ಇಂದು ಉಳಿದಿಲ್ಲ. ಅವರ ಮಕ್ಕಳು ಮತ್ತು ಮೊಮ್ಮಕ್ಕಳು ಇಂದು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದಾರೆ. ಇನ್ನು ಕೆಲವರು ಬರಲಾಗದೆ ಮನೆಯಲ್ಲಿದ್ದಾರೆ. ಒಬ್ಬಿಬ್ಬರು ಈ ಹೊತ್ತಿನಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲಿದ್ದಾರೆ. ಆ ಹಾಸಿಗೆಯನ್ನು ಕುರಿತೇ ನಾನು ಇಂದು ಮಾತನಾಡಬೇಕೆಂದಿರುವೆನು.

ನಾನು ವೈದ್ಯನಲ್ಲ. ಸೆಮಿನರಿಯಲ್ಲಿ ನಮಗೆ ದೈವಶಾಸ್ತ್ರವನ್ನೂ ತತ್ವಶಾಸ್ತ್ರವನ್ನೂ ಕಲಿಸಿದರೇ ಹೊರತು ನಾಡಿ ನೋಡುವುದನ್ನು ಕಲಿಸಲಿಲ್ಲ. ಆದರೆ ರೋಗಿಗಳ ಸಂದರ್ಶನವು ಗುರುವಾದವನ ನಿತ್ಯಕರ್ಮಗಳಲ್ಲೊಂದು. ಹೀಗೆ ಹೋಗಿ ಬರುವಾಗ ಕಣ್ಣಿಗೆ ಬಿದ್ದದ್ದನ್ನೂ, ಬಲ್ಲ ವೈದ್ಯರಿಂದ ಕೇಳಿ ಮತ್ತು ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ಮಾತು. ವೃದ್ಧರೊಬ್ಬರು ಜ್ವರಕ್ಕೋ ಉಬ್ಬಸಕ್ಕೋ ಆಸ್ಪತ್ರೆ ಸೇರುತ್ತಾರೆ. ಎಂಟು ಹತ್ತು ದಿನಗಳಲ್ಲಿ ಜ್ವರ ಇಳಿಯುತ್ತದೆ, ಉಸಿರು ಸರಿಯಾಗುತ್ತದೆ. ಆದರೆ ನಡೆದು ಒಳಗೆ ಹೋದವರನ್ನು ಇಬ್ಬರು ಹಿಡಿದು ಜೀಪಿಗೆ ಏರಿಸಬೇಕಾಗುತ್ತದೆ. ಸೇರುವ ಮುನ್ನ ತಾವೇ ಊಟ ಮಾಡುತ್ತಿದ್ದವರಿಗೆ ತುತ್ತು ಕೊಡಬೇಕಾಗುತ್ತದೆ. "ವಯಸ್ಸಾಯಿತಲ್ಲ ಗುರುಗಳೇ" ಎಂದು ಮನೆಯವರು ನಿಟ್ಟುಸಿರಿಡುತ್ತಾರೆ. ಈ ನಷ್ಟದಲ್ಲಿ ವಯಸ್ಸಿನ ಪಾಲಿದೆ, ಕಾಯಿಲೆಯ ಪಾಲೂ ಇದೆ. ಆದರೆ ದೊಡ್ಡದೊಂದು ಪಾಲು, ಆಸ್ಪತ್ರೆಯಲ್ಲಿದ್ದ ಆ ಹತ್ತು ದಿನ ಅವರನ್ನು ನೋಡಿಕೊಂಡ ಕ್ರಮಕ್ಕೆ ಸೇರಿದ್ದು. ಅದನ್ನು ತಡೆಯಲು ಸಾಧ್ಯವಿದೆ, ಮತ್ತು ತಡೆಯುವ ಕೆಲಸದಲ್ಲಿ ವೈದ್ಯರಲ್ಲದ ನಮಗೂ ಕರ್ತವ್ಯವಿದೆ.

ಕೊಡಗಿನ ಪರಿಸ್ಥಿತಿ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಕರ್ನಾಟಕದಲ್ಲಿ ಅವರು ನೂರಕ್ಕೆ ಒಂಬತ್ತೂವರೆಯಷ್ಟಿದ್ದರು. ಅಂದಿನಿಂದ ಇಂದಿನವರೆಗೆ ಈ ಪ್ರಮಾಣವು ಏರುತ್ತಲೇ ಬಂದಿದೆ. ಇದು ದೇಶಕ್ಕೆಲ್ಲ ಸಮಾನವಾದ ಮಾತು. ಕೊಡಗಿಗೆ ವಿಶೇಷವಾದ ಕೆಲವು ಸಂಗತಿಗಳಿವೆ.

ಅದೇ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಮಂದಿ ಮಾತ್ರ. ಇಡೀ ರಾಜ್ಯದ ಸರಾಸರಿ 319. ಅಂದರೆ ನಮ್ಮ ಮನೆಗಳು ಒಂದಕ್ಕೊಂದು ದೂರ. ತೋಟದ ನಡುವಿನ ಒಂಟಿ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ. ಮಗ ಸೈನ್ಯದಲ್ಲಿ, ಮಗಳು ಬೆಂಗಳೂರಿನಲ್ಲಿ, ಇನ್ನೊಬ್ಬನು ಕೊಲ್ಲಿ ರಾಷ್ಟ್ರದಲ್ಲಿ. ಇದು ಅನುಕೂಲಸ್ಥರ ಕಥೆ. ಲೈನ್‌ಮನೆಗಳಲ್ಲಿರುವ ಕೂಲಿ ಕುಟುಂಬಗಳಲ್ಲಿ ಮಕ್ಕಳು ಜೊತೆಯಲ್ಲೇ ಇರುತ್ತಾರೆ, ಆದರೆ ತಾಯಿಯ ಬಳಿ ಆಸ್ಪತ್ರೆಯಲ್ಲಿ ಕುಳಿತ ದಿನ ಕೂಲಿಯಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಂತೂ ಆ ನಷ್ಟ ಇಮ್ಮಡಿ. ಹೀಗೆ ಬಂಗಲೆಯ ವೃದ್ಧರೂ ಲೈನ್‌ಮನೆಯ ವೃದ್ಧರೂ ಬೇರೆ ಬೇರೆ ದಾರಿಯಿಂದ ಬಂದು ಆಸ್ಪತ್ರೆಯ ಹಾಸಿಗೆಯ ಮೇಲೆ ಒಂದೇ ರೀತಿಯಲ್ಲಿ ಒಂಟಿಯಾಗುತ್ತಾರೆ.

ಇನ್ನು ದಾರಿಯ ವಿಷಯ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಘಟ್ಟವಿಳಿದು ಮಂಗಳೂರಿಗೆ ಸುಮಾರು 140. 2018ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ಗುಡ್ಡಗಳು ಕುಸಿದು, ಮಡಿಕೇರಿ ಸಂಪಾಜೆ ಹೆದ್ದಾರಿ ಮುಚ್ಚಿಹೋದುದನ್ನು ನಾವಾರೂ ಮರೆತಿಲ್ಲ. 2016ರಲ್ಲಿ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಪ್ರಾರಂಭವಾದದ್ದು ಈ ನಾಡಿಗೆ ದೊಡ್ಡ ಉಪಕಾರವಾಯಿತು. ಸಾಲದೆಂದು 2019ರಲ್ಲಿ ನಮ್ಮ ಯುವಕ ಯುವತಿಯರು ಸುಸಜ್ಜಿತವಾದ ತುರ್ತುಚಿಕಿತ್ಸಾ ಆಸ್ಪತ್ರೆ ಬೇಕೆಂದು ಅಂತರ್ಜಾಲದಲ್ಲಿ ದನಿಯೆತ್ತಿದರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಕಟ್ಟಡವೂ ಯಂತ್ರವೂ ಬಂದ ಮಾತ್ರಕ್ಕೆ ನಾನು ಹೇಳಿದ ನಷ್ಟ ನಿಲ್ಲುವುದಿಲ್ಲ. ಅದು ದೊಡ್ಡ ದೊಡ್ಡ ನಗರಗಳ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿರುವ ನಷ್ಟವೇ ಆಗಿರುತ್ತದೆ.

ಹಾಸಿಗೆಯಿಂದ ಬರುವ ಕೇಡು

1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರನ್ ಎಂಬ ವೈದ್ಯೆಗೆ ಪಕ್ಕದ ನಿರ್ಗತಿಕರ ಆಸ್ಪತ್ರೆಯ ರೋಗಿಗಳ ಹೊಣೆ ಬಂದಿತು. ಅಲ್ಲಿ ಏಳುನೂರಕ್ಕೂ ಹೆಚ್ಚು ಹಾಸಿಗೆಗಳು. ಹೆಚ್ಚಿನವರು ವೃದ್ಧರು, ಹಲವರು ವರ್ಷಗಟ್ಟಲೆ ಮಲಗಿದ್ದವರು, "ಇನ್ನೇನೂ ಮಾಡಲಾಗದು" ಎಂದು ಬಿಟ್ಟವರು. ಆಕೆ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಯಾರಿಗೆ ಯಾವ ರೋಗ, ಯಾರಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಬರೆದಿಟ್ಟು, ಎಬ್ಬಿಸಿ ಕೂಡಿಸಿ, ನಡೆಸಲು ಪ್ರಾರಂಭಿಸಿದರು. ಗೋಡೆಗೆ ಬಣ್ಣ ಬಳಿಸಿದರು, ದೀಪಗಳನ್ನು ಹೆಚ್ಚಿಸಿದರು. ಇನ್ನು ಏಳಲಾರರೆಂದು ಎಣಿಸಿದ್ದವರಲ್ಲಿ ಅನೇಕರು ಎದ್ದು ಮನೆಗೆ ಹೋದರು. ವೃದ್ಧರ ವೈದ್ಯಶಾಸ್ತ್ರವೆಂಬ ಪ್ರತ್ಯೇಕ ಶಾಖೆ ಬೆಳೆದದ್ದು ಹೆಚ್ಚಾಗಿ ಆಕೆಯ ಈ ಕೆಲಸದಿಂದ. 1947ರಲ್ಲಿ ರಿಚರ್ಡ್ ಆಷರ್ ಎಂಬ ಇನ್ನೊಬ್ಬ ವೈದ್ಯರು, ಹಾಸಿಗೆಯಲ್ಲಿ ಮಲಗಿರುವುದರ ಅಪಾಯಗಳನ್ನೇ ಕುರಿತು ಒಂದು ಲೇಖನ ಬರೆದರು.

ನಮ್ಮ ದೇಶದಲ್ಲಿ ಈ ಶಾಖೆಗೆ ತಳಹದಿ ಹಾಕಿದವರು ಮದರಾಸಿನ ಡಾಕ್ಟರ್ ವಿ. ಎಸ್. ನಟರಾಜನ್ ಅವರು. ಅಲ್ಲಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ 1978ರಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ಪ್ರಾರಂಭವಾಯಿತು. 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣವೂ ಬಂದಿತು.

ಮಲಗಿದರೆ ಏನಾಗುತ್ತದೆ? 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ರೋಗವೂ ಇಲ್ಲದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನೋಡಿದರು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸಖಂಡವು ಸರಾಸರಿ ಒಂದು ಕಿಲೋವಿನಷ್ಟು ಕರಗಿತ್ತು. ಆರೋಗ್ಯವಂತರ ಪಾಡೇ ಹೀಗಾದರೆ, ಜ್ವರದಿಂದ ಊಟ ಸೇರದೆ ಮಲಗಿರುವವರ ಪಾಡನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ಪ್ರೀತಿಯನ್ನು ತೋರಿಸುವ ರೀತಿಯೆಂದರೆ "ಏಳಬೇಡಿ ಅಜ್ಜ, ಮಲಗಿಯೇ ಇರಿ, ಎಲ್ಲವನ್ನೂ ಇಲ್ಲಿಗೇ ತರುತ್ತೇವೆ" ಎನ್ನುವುದು. ವೈದ್ಯರು ಮಲಗಿರಲೇಬೇಕೆಂದು ವಿಧಿಸಿದ ಸಂದರ್ಭ ಬೇರೆ. ಉಳಿದಂತೆ, ಊಟದ ಹೊತ್ತಿಗೆ ಕುರ್ಚಿಯಲ್ಲಿ ಕೂಡಿಸುವುದು, ಕೈ ಹಿಡಿದು ಶೌಚಾಲಯದವರೆಗೆ ನಡೆಸುವುದು, ದಿನಕ್ಕೆ ಮೂರು ಸಲ ವಾರ್ಡಿನ ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿಸುವುದು, ಇವು ಔಷಧದಷ್ಟೇ ಅಗತ್ಯ. ಏಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಹಾಸಿಗೆಹುಣ್ಣು ಒಂದು ರಾತ್ರಿಯಲ್ಲಿ ಪ್ರಾರಂಭವಾಗಬಹುದು. ಮಾಯುವುದಕ್ಕೆ ತಿಂಗಳುಗಳು ಬೇಕು.

ಮೂತ್ರದ ನಳಿಕೆಯ ವಿಷಯವೂ ಇದಕ್ಕೆ ಸೇರಿದ್ದು. ಕೆಲವು ಕಾಯಿಲೆಗಳಲ್ಲಿ ಅದು ಅನಿವಾರ್ಯ. ಆದರೆ ಎದ್ದು ಹೋಗುವ ತೊಂದರೆ ತಪ್ಪಲಿ ಎಂಬ ಅನುಕೂಲಕ್ಕಾಗಿ ಅದನ್ನು ಉಳಿಸಿಕೊಂಡರೆ ಸೋಂಕು ತಗಲುತ್ತದೆ, ನಡೆಯುವ ಅಭ್ಯಾಸವೂ ತಪ್ಪುತ್ತದೆ. "ಇದು ಇನ್ನೂ ಬೇಕೇ, ಡಾಕ್ಟರೇ?" ಎಂದು ವಿನಯದಿಂದ ಪ್ರತಿದಿನ ಕೇಳುವ ಹಕ್ಕು ಮನೆಯವರಿಗಿದೆ.

ಅರಳುಮರಳೂ ಸನ್ನಿಯೂ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಆಸ್ಪತ್ರೆಯ ವಾರ್ಡಿನಲ್ಲಿ ಈ ಗಾದೆ ಬಹಳ ಹಾನಿ ಮಾಡುತ್ತದೆ. ನಿನ್ನೆಯವರೆಗೆ ಮೊಮ್ಮಕ್ಕಳ ಹೆಸರನ್ನೆಲ್ಲ ಹೇಳುತ್ತಿದ್ದ ಅಜ್ಜಿ, ಸೇರಿದ ಎರಡನೆಯ ರಾತ್ರಿ ಗೋಡೆಯ ಮೇಲೆ ಯಾರೋ ಇದ್ದಾರೆಂದು ಬೆದರುತ್ತಾಳೆ, ನಳಿಕೆಗಳನ್ನು ಕೀಳುತ್ತಾಳೆ, ಮಗನನ್ನೇ ಗುರುತಿಸುವುದಿಲ್ಲ. ಅಥವಾ, ಯಾರ ಗಮನಕ್ಕೂ ಬಾರದಂತೆ, ಹಗಲೆಲ್ಲ ಮಂಕಾಗಿ ತೂಕಡಿಸುತ್ತಾಳೆ. ಮನೆಯವರು ಇದನ್ನು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ.

ಹಿಂದಿನವರು ಈ ಎರಡನೆಯ ಸ್ಥಿತಿಗೆ ಬೇರೆಯೇ ಹೆಸರನ್ನಿಟ್ಟಿದ್ದರು: ಸನ್ನಿ. ಅರಳುಮರಳು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬರುವಂಥದ್ದು. ಸನ್ನಿ ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಬರುತ್ತದೆ, ಮತ್ತು ಅದಕ್ಕೆ ಒಂದು ಕಾರಣವಿದ್ದೇ ಇರುತ್ತದೆ. ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಉಪ್ಪಿನಂಶ ಇಳಿದಿರುವುದು, ಮಲಬದ್ಧತೆ, ಮೂತ್ರ ಕಟ್ಟಿರುವುದು, ನೋವು, ಹೊಸ ಔಷಧ, ಯಾವುದೂ ಆಗಬಹುದು. ವೃದ್ಧರಲ್ಲಿ ಶ್ವಾಸಕೋಶದ ಸೋಂಕು ಜ್ವರವಿಲ್ಲದೆ ಬರುವುದುಂಟು, ಹೃದಯಾಘಾತವು ಎದೆನೋವಿಲ್ಲದೆ ಆಗುವುದುಂಟು. ಆಗ ಬುದ್ಧಿಯ ಗಲಿಬಿಲಿಯೇ ರೋಗದ ಮೊದಲ ಸೂಚನೆ. ಆದುದರಿಂದ ಮನೆಯವರು ದಾದಿಯರಿಗೂ ವೈದ್ಯರಿಗೂ ಸ್ಪಷ್ಟವಾಗಿ ಹೇಳಬೇಕಾದ ವಾಕ್ಯ ಒಂದಿದೆ: "ಇವರು ಮೊನ್ನೆಯವರೆಗೆ ಹೀಗಿರಲಿಲ್ಲ." ಇದನ್ನು ಹೇಳಬಲ್ಲವರು, ಅವರನ್ನು ಮೊದಲಿನಿಂದ ಬಲ್ಲವರು ಮಾತ್ರ.

ಸನ್ನಿಯನ್ನು ತಡೆಯಲು ಸಾಧ್ಯವೇ? ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವೈದ್ಯೆ ಶರನ್ ಇನೂಯೆ ಮತ್ತು ಅವರ ಸಂಗಡಿಗರು ಎಪ್ಪತ್ತು ದಾಟಿದ 852 ಮಂದಿ ರೋಗಿಗಳನ್ನು ಕುರಿತ ಒಂದು ಅಧ್ಯಯನವನ್ನು 1999ರಲ್ಲಿ ಪ್ರಕಟಿಸಿದರು. ಸಾಮಾನ್ಯ ಆರೈಕೆ ಪಡೆದವರಲ್ಲಿ ನೂರಕ್ಕೆ 15 ಮಂದಿಗೆ ಸನ್ನಿ ಬಂದಿತು. ವಿಶೇಷ ಆರೈಕೆ ಪಡೆದವರಲ್ಲಿ ಸುಮಾರು 10 ಮಂದಿಗೆ. ಆ ವಿಶೇಷ ಆರೈಕೆ ಏನೆಂದು ಕೇಳಿದರೆ ನೀವು ಆಶ್ಚರ್ಯಪಡುವಿರಿ. ಇಂದು ಯಾವ ವಾರ, ಇದು ಯಾವ ಊರು ಎಂದು ಆಗಾಗ ನೆನಪಿಸುವುದು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಾಕಿಸುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ನಿದ್ದೆಮಾತ್ರೆಯ ಬದಲು ಬೆಚ್ಚಗಿನ ಹಾಲು ಕೊಟ್ಟು ಬೆನ್ನು ನೀವಿ, ವಾರ್ಡಿನ ಗದ್ದಲವನ್ನು ಕಡಿಮೆ ಮಾಡುವುದು. ಈ ಕೆಲಸಗಳಲ್ಲಿ ಬಹುಪಾಲನ್ನು ಮಾಡಿದವರು ತರಬೇತಿ ಪಡೆದ ಸ್ವಯಂಸೇವಕರು. ನಮ್ಮ ಅಜ್ಜಿಯರಿಗೆ ತಿಳಿದಿದ್ದ ಉಪಚಾರವನ್ನೇ ವಿಜ್ಞಾನವು ಅಳೆದು ನೋಡಿ ಫಲಕಾರಿಯೆಂದು ಹೇಳಿತು.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಧರ್ಮಕೇಂದ್ರದಲ್ಲಿಯೇ ಕೊಂಕಣಿ, ಮಲಯಾಳ, ತಮಿಳು, ಕನ್ನಡಗಳನ್ನಾಡುವವರಿದ್ದಾರೆ. ನಮ್ಮ ನೆರೆಹೊರೆಯವರು ಕೊಡವ ತಕ್ಕ್, ಅರೆಭಾಷೆ, ತುಳು, ಎರವ ಭಾಷೆಗಳನ್ನಾಡುವವರು. ಕಾಯಿಲೆಯಿಂದ ಬಳಲಿದ ವೃದ್ಧರು ಕಲಿತ ಭಾಷೆಯನ್ನು ಬಿಟ್ಟು ತಾಯಿಯ ಭಾಷೆಗೆ ಜಾರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊರಜಿಲ್ಲೆಯಿಂದ ಬಂದ ಯುವ ವೈದ್ಯರಿಗೆ ಅದು ಬಡಬಡಿಕೆಯಂತೆ ಕೇಳಿಸಬಹುದು. ಆಕೆ ಕೇಳುತ್ತಿರುವುದು ನೀರನ್ನು. ಆ ಭಾಷೆ ಬಲ್ಲ ಒಬ್ಬರು ದಿನಕ್ಕೆ ಒಂದು ಗಂಟೆ ಹಾಸಿಗೆಯ ಬಳಿ ಕುಳಿತರೆ ಅದೇ ದೊಡ್ಡ ಚಿಕಿತ್ಸೆ. ಅಲ್ಲದೆ, ರೋಗಿಯನ್ನು ಹಾಸಿಗೆಯ ನಂಬರಿನಿಂದ ಕರೆಯದೆ, ಅಮ್ಮಚ್ಚಿ ಎನ್ನಿಸಿಕೊಂಡವರನ್ನು ಅಮ್ಮಚ್ಚಿಯೆಂದೇ, ತಾತ ಎನ್ನಿಸಿಕೊಂಡವರನ್ನು ತಾತನೆಂದೇ ಕರೆದರೆ, ತಾವು ಯಾರೆಂಬ ನೆನಪು ಅವರಿಗೆ ಉಳಿಯುತ್ತದೆ.

ಔಷಧ, ಆಹಾರ, ಮೂಳೆ ಮುರಿತ

ವೃದ್ಧರ ಮನೆಯ ಗೂಡಿನಲ್ಲಿ ಔಷಧಗಳ ಒಂದು ಸಣ್ಣ ಅಂಗಡಿಯೇ ಇರುತ್ತದೆ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬರು, ಮಂಡಿನೋವಿಗೆ ಔಷಧದಂಗಡಿಯವರು, ನಿದ್ದೆಗೆ ಪಕ್ಕದ ಮನೆಯವರು. 1991ರಲ್ಲಿ ಅಮೆರಿಕದ ಮಾರ್ಕ್ ಬಿಯರ್ಸ್ ಎಂಬ ವೈದ್ಯರು ವೃದ್ಧರಿಗೆ ಕೊಡುವಾಗ ಎಚ್ಚರ ವಹಿಸಬೇಕಾದ ಔಷಧಗಳ ಪಟ್ಟಿಯನ್ನು ಮಾಡಿದರು. ಅದನ್ನು ಇಂದಿಗೂ ಪರಿಷ್ಕರಿಸುತ್ತ ಬಂದಿದ್ದಾರೆ. ಕೆಲವು ನಿದ್ದೆಮಾತ್ರೆಗಳೂ, ನೆಗಡಿ ತುರಿಕೆಗಳಿಗೆ ಕೊಡುವ ಕೆಲವು ಮಾತ್ರೆಗಳೂ ಬುದ್ಧಿಯನ್ನು ಮಂಕಾಗಿಸಿ ಬೀಳಿಸುತ್ತವೆ. ನೋವಿನ ಮಾತ್ರೆಗಳು ಮೂತ್ರಪಿಂಡವನ್ನು ಕೆಡಿಸಬಹುದು. ನಾವಾಗಿಯೇ ಯಾವುದನ್ನೂ ನಿಲ್ಲಿಸತಕ್ಕದ್ದಲ್ಲ. ಆದರೆ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಗಳನ್ನೂ ಬಿಡದೆ, ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲಿಡಬೇಕು.

ಊಟದಲ್ಲಿ ಮುಖ್ಯವಾದದ್ದು ಕೂಡಿಸಿ ಉಣಿಸುವುದು. ಮಲಗಿಸಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಕಟ್ಟುಹಲ್ಲನ್ನು ಮನೆಯಲ್ಲಿ ಬಿಟ್ಟು ಬಂದರೆ ಎಂತಹ ಊಟವನ್ನು ಕೊಟ್ಟರೂ ಪ್ರಯೋಜನವಿಲ್ಲ.

ಮಳೆಗಾಲದಲ್ಲಿ ನಮ್ಮ ಅಂಗಳಗಳೂ ಬಚ್ಚಲ ಮೆಟ್ಟಿಲುಗಳೂ ಪಾಚಿ ಹಿಡಿಯುತ್ತವೆ. ವೃದ್ಧರು ಜಾರಿ ಬಿದ್ದು ತೊಡೆಯ ಮೂಳೆಯ ಮೇಲ್ತುದಿ ಮುರಿದರೆ, ಎಷ್ಟು ಬೇಗ ಶಸ್ತ್ರಚಿಕಿತ್ಸೆಯಾಗುತ್ತದೋ ಅಷ್ಟು ಒಳ್ಳೆಯದು. ಸೇರಿದ ದಿನವೇ ಅಥವಾ ಮರುದಿನವೇ ಆಗಬೇಕೆಂಬುದು ಬ್ರಿಟನ್ನಿನ ಮಾರ್ಗಸೂಚಿ. ಅದರ ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಬೇಕೆಂಬುದೂ ಅಲ್ಲಿನ ನಿಯಮ. ನಮ್ಮಲ್ಲಿ ಎಣ್ಣೆ ತಿಕ್ಕಿ, ಕಟ್ಟು ಕಟ್ಟಿಸಿ, ಮಗ ಬರಲೆಂದು ಕಾದು, ನಾಲ್ಕನೆಯ ದಿನ ಮೈಸೂರಿಗೆ ಹೊರಡುವ ಪದ್ಧತಿಯಿದೆ. ಮಗನು ನೇರವಾಗಿ ಆಸ್ಪತ್ರೆಗೆ ಬರಬಹುದು. ತಾಯಿಯನ್ನು ಮನೆಯಲ್ಲಿ ಕಾಯಿಸಬಾರದು. 2008ರಿಂದ ನಮ್ಮ ರಾಜ್ಯದಲ್ಲಿ 108ರ ಆಂಬ್ಯುಲೆನ್ಸ್ ಸೇವೆಯಿದೆ. ಜೀಪು ಮಾತ್ರ ಹೋಗಬಲ್ಲ ತೋಟದ ದಾರಿಯಾದರೆ, ಮುಖ್ಯ ರಸ್ತೆಯವರೆಗೆ ತಂದುಕೊಡುವವರು ಯಾರೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ನೆರೆಯವರೊಡನೆ ಮಾತನಾಡಿಟ್ಟುಕೊಳ್ಳಬೇಕು.

ನಾವು ಮಾಡಬಹುದಾದದ್ದು

ಒಬ್ಬ ದಾದಿ ಒಂದು ರಾತ್ರಿಯಲ್ಲಿ ಎಷ್ಟು ಮಂದಿಯನ್ನು ನೋಡಿಕೊಳ್ಳಬೇಕಾಗುತ್ತದೆಂಬುದನ್ನು ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರೆಲ್ಲರೂ ಬಲ್ಲರು. ಅವರನ್ನು ದೂರುವುದರಿಂದ ಏನೂ ಆಗದು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಆರೈಕೆಯ ಅರ್ಧಭಾಗ ಜೊತೆಗಿರುವವರ ಕೈಯಲ್ಲಿದೆ. ಜೊತೆಗೆ ಯಾರೂ ಇಲ್ಲದ ವೃದ್ಧರೇ ಹೆಚ್ಚು ಕೆಡುತ್ತಾರೆ. ಆದುದರಿಂದ ಶತಮಾನೋತ್ಸವದ ನೆನಪಿಗಾಗಿ ಈ ಧರ್ಮಕೇಂದ್ರವು ಕೈಗೊಳ್ಳಬಹುದಾದ ಐದು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದಾಗಿ, ಪ್ರತಿಯೊಂದು ವಾರ್ಡಿನಲ್ಲಿಯೂ ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಮಾಡಬೇಕು. ಇದರಲ್ಲಿ ಮತಭೇದವಿರಬಾರದು, ತೋಟದ ಬೇಲಿಯ ಆಚೆಯವರೂ ನಮ್ಮ ನೆರೆಯವರೇ.

ಎರಡನೆಯದಾಗಿ, ಅಂತಹ ಪ್ರತಿಯೊಂದು ಮನೆಯ ಬಾಗಿಲ ಬಳಿ ಒಂದು ಚೀಲ ಸಿದ್ಧವಾಗಿರಬೇಕು. ಅದರಲ್ಲಿ ಔಷಧಗಳ ಚೀಟಿ, ಹಳೆಯ ಪರೀಕ್ಷೆಗಳ ಕಾಗದ, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ, ಮಕ್ಕಳ ದೂರವಾಣಿ ಸಂಖ್ಯೆ, ಜಾರದ ಚಪ್ಪಲಿ ಮತ್ತು ಒಂದು ಸಣ್ಣ ಗಡಿಯಾರ ಇರಲಿ. ಹೊರಡುವಾಗ ಕನ್ನಡಕ, ಕಿವಿಯ ಯಂತ್ರ, ಕಟ್ಟುಹಲ್ಲು ಈ ಮೂರನ್ನೂ ಎಣಿಸಿ ತೆಗೆದುಕೊಳ್ಳಬೇಕು.

ಮೂರನೆಯದಾಗಿ, ಸರದಿಯ ಮೇಲೆ ಆಸ್ಪತ್ರೆಯಲ್ಲಿ ಕುಳಿತುಕೊಳ್ಳುವ ಸ್ವಯಂಸೇವಕರ ತಂಡ ಬೇಕು. ಒಬ್ಬೊಬ್ಬರಿಗೆ ವಾರಕ್ಕೆ ನಾಲ್ಕು ಗಂಟೆಗಳ ಹೊರೆ ಹೆಚ್ಚೇನಲ್ಲ. ಆಸ್ಪತ್ರೆಯ ಅನುಮತಿ ಪಡೆದು, ದಾದಿಯರಿಂದಲೇ ತರಬೇತಿ ಪಡೆದು ಅವರು ಹೋಗಬೇಕು. ಔಷಧಕ್ಕೆ ಕೈಹಾಕಬಾರದು, ವಾರ್ಡಿನಲ್ಲಿ ಕೇಳಿದ್ದನ್ನು ಊರಿನಲ್ಲಿ ಹೇಳಬಾರದು, ಅನ್ಯಮತೀಯರ ಹಾಸಿಗೆಯ ಬಳಿ ಧರ್ಮೋಪದೇಶ ಮಾಡಬಾರದು. ನೀರು, ಊಟ, ನಡಿಗೆ, ಮಾತು ಇಷ್ಟೇ ಅವರ ಕೆಲಸ.

ನಾಲ್ಕನೆಯದಾಗಿ, ತಂದೆತಾಯಿಗಳ ಬಳಿ ಆಸ್ಪತ್ರೆಯಲ್ಲಿ ಉಳಿಯುವ ಕೂಲಿಕಾರರಿಗೆ ಕಳೆದುಕೊಂಡ ದಿನದ ಕೂಲಿಯನ್ನು ಕಟ್ಟಿಕೊಡುವ ಒಂದು ನಿಧಿ. ಉತ್ಸವದ ಬಾಣಬಿರುಸುಗಳಿಗೆ ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಇದಕ್ಕೆ ಇಡಲು ಯಾರೂ ಬೇಡವೆನ್ನಲಾರರು.

ಐದನೆಯದಾಗಿ, ಸರಕಾರ ಕೊಟ್ಟಿರುವುದನ್ನು ತಿಳಿದು ಕೇಳಿ ಪಡೆಯಬೇಕು. ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2010-11ರಲ್ಲಿ ಪ್ರಾರಂಭವಾಗಿದೆ. ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳ ವೃದ್ಧರ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಚಿಕಿತ್ಸಾಲಯ, ಇವು ಅದರ ಯೋಜನೆಯಲ್ಲಿವೆ. ನಮ್ಮ ಕೇಂದ್ರದಲ್ಲಿ ಆ ದಿನ ಯಾವುದೆಂದು ವಿಚಾರಿಸುವವರು ಇದ್ದರೆ ಆ ದಿನವು ತಪ್ಪದೆ ನಡೆಯುತ್ತದೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಭೇದವಿಲ್ಲದೆ ಎಪ್ಪತ್ತು ತುಂಬಿದ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರ ಉದ್ದೇಶ. ನಾವು ಹೋಗುವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅದು ಸಲ್ಲುತ್ತದೆಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಬೇಕು. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567.

ಆಸ್ಪತ್ರೆಗಳನ್ನು ನಡೆಸುವವರಲ್ಲಿಯೂ ನನ್ನದೊಂದು ವಿನಂತಿ. ಪ್ರತಿ ಮಂಚದ ಬಳಿ ಕೈಯಿರುವ ಒಂದು ಕುರ್ಚಿ, ಎತ್ತರ ಕಡಿಮೆಯಿರುವ ಮಂಚ, ಗೋಡೆಯ ಮೇಲೆ ದೊಡ್ಡ ಅಂಕಿಗಳ ಗಡಿಯಾರ ಮತ್ತು ಕ್ಯಾಲೆಂಡರು, ಶೌಚಾಲಯದಲ್ಲಿ ಹಿಡಿಕಂಬಿ, ಅಲ್ಲಿಯವರೆಗೆ ರಾತ್ರಿ ಉರಿಯುವ ಒಂದು ದೀಪ. ಇವುಗಳಿಗೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಮನೆಗೆ ಮರಳುವ ದಿನ

ಬಿಡುಗಡೆಯ ದಿನ ಎಲ್ಲರಿಗೂ ಆತುರ. ಬಿಲ್ಲು ಕಟ್ಟಬೇಕು, ಜೀಪು ಕಾಯುತ್ತಿದೆ. ಆ ಗದ್ದಲದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳದೆ ಹೊರಡಬಾರದು. ಹಳೆಯ ಮಾತ್ರೆಗಳಲ್ಲಿ ಯಾವುದು ನಿಂತಿತು, ಯಾವುದು ಹೊಸದು? ಏನು ಕಂಡರೆ ಮತ್ತೆ ಕರೆತರಬೇಕು? ಎಷ್ಟು ನಡೆಸಬೇಕು? ಮತ್ತೆ ತೋರಿಸುವುದು ಯಾವಾಗ, ಮತ್ತು ಅದಕ್ಕಾಗಿ ಮೈಸೂರಿಗೇ ಬರಬೇಕೋ, ಹತ್ತಿರದ ಆಸ್ಪತ್ರೆ ಸಾಕೋ? ಉತ್ತರಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಅನಂತರದ ಒಂದು ವಾರ ಯಾರಾದರೂ ದಿನವೂ ಮನೆಗೆ ಹೋಗಿ ಬರಬೇಕು.

ಗುಣವಾಗದ ಕಾಯಿಲೆಯಾದರೆ ಏನು ಮಾಡುವುದು? ನಮ್ಮ ಗಡಿಯಾಚೆಯ ಕೇರಳದಲ್ಲಿ, 1993ರಲ್ಲಿ ಕೋಝಿಕೋಡಿನ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಕೆಲವು ವೈದ್ಯರೂ ಸ್ನೇಹಿತರೂ ಸೇರಿ ನೋವು ನಿವಾರಣೆಯ ಒಂದು ಸಣ್ಣ ಚಿಕಿತ್ಸಾಲಯವನ್ನು ತೆರೆದರು. ಅದು ಬೆಳೆದು, ಊರಿನ ಜನರೇ ತಂಡ ಕಟ್ಟಿಕೊಂಡು ದಾದಿಯರೊಡನೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಪದ್ಧತಿಯಾಯಿತು. 2008ರಲ್ಲಿ ಆ ರಾಜ್ಯದ ಸರಕಾರವು ಅದನ್ನು ತನ್ನ ನೀತಿಯನ್ನಾಗಿ ಅಂಗೀಕರಿಸಿತು. ಕಣ್ಣೂರು ವಯನಾಡುಗಳಲ್ಲಿ ನಿಮಗೆ ನೆಂಟರಿದ್ದರೆ ಅವರನ್ನು ಕೇಳಿ ನೋಡಿ. ಅದೇ ಮಳೆ, ಅದೇ ತೋಟ, ಅದೇ ದೂರದ ಮನೆಗಳು. ಅಲ್ಲಿ ಆದದ್ದು ಇಲ್ಲಿ ಆಗದಿರಲು ಕಾರಣವಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ವೃದ್ಧರ ಇಚ್ಛೆಯನ್ನು ಅವರನ್ನೇ ಕೇಳಬೇಕು. ಮಕ್ಕಳು ವೈದ್ಯರೊಡನೆ ಬಾಗಿಲ ಹೊರಗೆ ಮಾತನಾಡುತ್ತಾರೆ. ಒಳಗೆ ಮಲಗಿರುವವರಿಗೆ ಎಲ್ಲವೂ ತಿಳಿದಿರುತ್ತದೆ, ಯಾರೂ ಹೇಳುವುದಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೋ, ಹುತ್ತರಿಯ ಹೊತ್ತಿಗೆ ಮನೆಯಲ್ಲಿರುವುದು ಬೇಕೋ ಎಂಬುದು ಅವರ ನಿರ್ಧಾರ. ಎಷ್ಟೋ ಮಂದಿಯ ಆಸೆ ಬಹಳ ಸಣ್ಣದಾಗಿರುತ್ತದೆ: ತಮ್ಮ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವುದು. ಚಿಕಿತ್ಸೆಯ ಗುರಿಯನ್ನು ಅಲ್ಲಿಂದಲೇ ಹಿಡಿಯಬೇಕು.

ಗುರುವನ್ನು ಕರೆಸುವ ವಿಷಯದಲ್ಲಿಯೂ ಇದೇ ಸಂಕೋಚವನ್ನು ಕಾಣುತ್ತೇನೆ. ಗುರುವನ್ನು ಕಂಡರೆ ರೋಗಿ ಹೆದರಿಯಾರು ಎಂದು, ಪ್ರಜ್ಞೆ ತಪ್ಪಿದ ಮೇಲೆ ಹೇಳಿ ಕಳುಹಿಸುತ್ತಾರೆ. ರೋಗಿಗಳ ಅಭ್ಯಂಗವು ಪ್ರಾಣಬಿಡುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸ್ಪಷ್ಟಪಡಿಸಿದೆ. ಮಾತನಾಡುವ ಶಕ್ತಿಯಿರುವಾಗಲೇ ಕರೆಸಿರಿ. ಅವರ ಮಾತನ್ನು ಕೇಳುವವರಲ್ಲಿ ನಾನೂ ಒಬ್ಬನಾಗುತ್ತೇನೆ.

ಪೋಪ್ ಫ್ರಾನ್ಸಿಸ್ ಅವರು 2021ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ನಿಯಮಿಸಿದರು. ನಮ್ಮ ಕೊಡಗಿನಲ್ಲಿ ಅದು ಮಳೆ ಬಿಡದೆ ಸುರಿಯುವ ಕಾಲ. ದೇವಾಲಯಕ್ಕೆ ಬರಲು ವೃದ್ಧರಿಗೆ ಸಾಧ್ಯವಾಗದ ಕಾಲ. ಆದುದರಿಂದ ಆ ಭಾನುವಾರ ನಾವೇ ಅವರಲ್ಲಿಗೆ ಹೋಗೋಣ. ಪಟ್ಟಿಯನ್ನು ತಿದ್ದೋಣ, ಬಾಗಿಲ ಬಳಿಯ ಚೀಲವನ್ನು ಬಿಚ್ಚಿ ನೋಡೋಣ, ಬಚ್ಚಲ ಮೆಟ್ಟಿಲ ಪಾಚಿಯನ್ನು ಉಜ್ಜಿ ಬರೋಣ. ವಾರ್ಡಿನ ಮುಖಂಡರು ಇಂದು ಸಭೆ ಮುಗಿದ ಮೇಲೆ ಹತ್ತು ನಿಮಿಷ ಉಳಿದು, ಮೊದಲ ಪಟ್ಟಿಗೆ ಹೆಸರುಗಳನ್ನು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಕಾಗದವೂ ಲೇಖನಿಯೂ ಮೇಜಿನ ಮೇಲಿವೆ.